ಥಿಂಕ್‌ಪ್ಯಾಡ್ ಬ್ಯಾಟರಿಯ ಮಿತಿ: ಲಿನಕ್ಸ್ ಇತಿಹಾಸದ ಒಂದು ಪ್ರಕರಣ

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ನಿರ್ಮಾಣದಿಂದ ಆರಂಭಿಸಿ ಮಾರಾಟದಲ್ಲಿ ಮುಗಿಸುತ್ತಾರೆ. ಕೊಂಡವರು ಅವನ್ನು ತಮ್ಮ ಅಧೀನಕ್ಕೆ ತಂದುಕೊಂಡ ಬಗೆ ಅಲ್ಲಿ ನಿರೂಪಿತವಾಗುವುದು ವಿರಳ. ಅಂತಹ ಒಂದು ಪ್ರಕರಣವನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಐ.ಬಿ.ಎಂ. ಸಂಸ್ಥೆ 1992ರಲ್ಲಿ ಹೊರತಂದ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳು 2005ರಲ್ಲಿ ಲೆನೋವೊ ಸಂಸ್ಥೆಯ ವಶವಾದುವು. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸದಾ ಪೂರ್ಣವಾಗಿ ತುಂಬಿಟ್ಟರೆ ಅದು ಬೇಗ ಸವೆಯುತ್ತದೆ. ಆದ್ದರಿಂದ ಶೇಕಡ 80ರಂತಹ ಒಂದು ಮಿತಿಯಲ್ಲಿ ಚಾರ್ಜನ್ನು ನಿಲ್ಲಿಸುವ ಸೌಲಭ್ಯವನ್ನು ತಯಾರಕರು ಒದಗಿಸಿದ್ದರು. ಆದರೆ ಅದನ್ನು ಬಳಸುವ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿತ್ತು. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸನ್ನು ಸ್ಥಾಪಿಸಿಕೊಂಡವರಿಗೆ ಯಂತ್ರವೇನೋ ನಡೆಯಿತು, ಈ ಅಧಿಕಾರ ಮಾತ್ರ ತಪ್ಪಿತು.

ಹಾಗಾದರೆ ಆ ಶಕ್ತಿ ತಯಾರಕರ ತಂತ್ರಾಂಶದಲ್ಲಿಯೇ ಇದ್ದಿತೆ? ಇಲ್ಲವೆಂದೇ ಹೇಳಬೇಕಾಗುತ್ತದೆ. ಚಾರ್ಜನ್ನು ನಿಲ್ಲಿಸುವ ಕೆಲಸ ಯಂತ್ರದೊಳಗಿನ ಸಣ್ಣ ನಿಯಂತ್ರಕದ್ದು. ತಂತ್ರಾಂಶವು ಅದಕ್ಕೆ ಆಜ್ಞೆಯನ್ನು ಮುಟ್ಟಿಸುವ ದೂತ ಮಾತ್ರ. ಕಳೆದುಹೋದುದು ಆಜ್ಞೆಯ ಭಾಷೆ. ಅದನ್ನು ತಯಾರಕರು ಪ್ರಕಟಿಸಿರಲಿಲ್ಲ.

ಆ ಭಾಷೆಯನ್ನು ಅರಿಯುವ ಯತ್ನ ಹಂತಹಂತವಾಗಿ ನಡೆಯಿತು. ಬೊರಿಸ್ಲಾವ್ ದೆಯಾನೊವ್ 2004ರಲ್ಲಿ ಬರೆದ 'ಐಬಿಎಂ-ಎಸಿಪಿಐ' ಎಂಬ ಡ್ರೈವರಿನಿಂದ ವಿಶೇಷ ಕೀಲಿಗಳು, ಪರದೆಯ ಮೇಲಿನ ಪುಟ್ಟ ದೀಪ ಮೊದಲಾದುವು ಲಿನಕ್ಸಿಗೆ ದೊರೆತುವು. ಹೆನ್ರಿಕೆ ದೆ ಮೊರಾಯ್ಸ್ ಹೋಲ್‌ಶು ಅದನ್ನು ಮುಂದುವರಿಸಿದರು. 2007ರಲ್ಲಿ ಅದು 'ಥಿಂಕ್‌ಪ್ಯಾಡ್-ಎಸಿಪಿಐ' ಎಂಬ ಹೆಸರನ್ನು ಪಡೆಯಿತು. ಬ್ಯಾಟರಿಯ ಮಿತಿ ಇನ್ನೂ ಅದರಲ್ಲಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು 'ಟಿಪಿ-ಸ್ಮಾಪಿ'. ಇದರ ಕರ್ತೃ ಶೆಮ್ ಮಲ್ಟಿನಿಮಸ್ ಎಂಬ ಗುಪ್ತನಾಮದವರು. ಆದರೆ ಐ.ಬಿ.ಎಂ. ಮೇಲೆ ಎಸ್.ಸಿ.ಓ. ಸಂಸ್ಥೆ 2003ರಲ್ಲಿ ಲಿನಕ್ಸಿನ ಸಂಬಂಧವಾಗಿ ಹೂಡಿದ ವ್ಯಾಜ್ಯದ ತರುವಾಯ, 2004ರಿಂದ ಕರ್ನಲ್ಲಿಗೆ ಕೃತಿಯನ್ನು ಸಲ್ಲಿಸುವವರು ಅದರ ಮೂಲವನ್ನು ಸ್ವಂತ ಹೆಸರಿನಲ್ಲಿ ದೃಢೀಕರಿಸಬೇಕಾಗಿತ್ತು. ಗುಪ್ತನಾಮಕ್ಕೆ ಆಗ ಅಲ್ಲಿ ಪ್ರವೇಶ ಸುಲಭವಾಗಿರಲಿಲ್ಲ. 'ಟಿಪಿ-ಸ್ಮಾಪಿ' ಹೊರಗೆಯೇ ಉಳಿಯಿತು. ಕರ್ನಲ್ ಬದಲಾದಂತೆಲ್ಲ ಬಳಕೆದಾರರು ಅದನ್ನು ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕಾಯಿತು. ಇದನ್ನು ಬರಿಯ ಔಪಚಾರಿಕತೆಯೆಂದು ತಳ್ಳಿಹಾಕುವುದು ಯುಕ್ತವಲ್ಲ. ತಾಮ್ರಪಟದ ಪಾಠ ಎಷ್ಟೇ ಸ್ಪಷ್ಟವಾಗಿದ್ದರೂ ಅದು ದೊರೆತ ಸ್ಥಳ ತಿಳಿಯದಿದ್ದರೆ ಕೂಟಶಾಸನವಿರಬಹುದೆಂದು ನಾವು ಶಂಕಿಸುವುದಿಲ್ಲವೆ? ಆದರೂ ಉಪಯುಕ್ತವಾದ ಜ್ಞಾನವು ಬಹುಕಾಲ ಬಾಗಿಲ ಹೊರಗೆ ನಿಂತಿತೆಂಬುದೂ ಅಷ್ಟೇ ಸತ್ಯ.

ಮುಂದಿನ ಮಾದರಿಗಳಲ್ಲಿ ಆಜ್ಞೆಯ ಮಾರ್ಗವೇ ಬದಲಾಯಿತು. ಹೊಸ ಮಾರ್ಗವನ್ನು ಮತ್ತೆ ಹುಡುಕಬೇಕಾಯಿತು. ಕಡೆಗೆ 2018ರಲ್ಲಿ ಪ್ರಕಟವಾದ 4.17ನೆಯ ಕರ್ನಲ್ಲಿನಲ್ಲಿ ಥಿಂಕ್‌ಪ್ಯಾಡಿನ ಮಿತಿಗಳು ಮೂಲ ಡ್ರೈವರಿನ ಅಂಗವಾದುವು. ಈಗ ಒಂದು ಕಡತದಲ್ಲಿ 80 ಎಂದು ಬರೆದರೆ ಸಾಕು. ಆಸುಸ್ ಮೊದಲಾದ ಇತರ ತಯಾರಕರ ಯಂತ್ರಗಳ ಡ್ರೈವರುಗಳಲ್ಲಿಯೂ ಇದೇ ಕ್ರಮ ಬಳಕೆಗೆ ಬಂದಿದೆ. 2020ರಲ್ಲಿ ಲೆನೋವೊ ಸಂಸ್ಥೆಯೇ ಕೆಲವು ಥಿಂಕ್‌ಪ್ಯಾಡುಗಳನ್ನು ಫೆಡೋರಾ ಲಿನಕ್ಸ್ ಸಮೇತ ಮಾರತೊಡಗಿತು. ಆಮೇಲೆ ಅದರ ಎಂಜಿನಿಯರರೂ ಅದೇ ಡ್ರೈವರಿಗೆ ತಮ್ಮ ಕೊಡುಗೆಯನ್ನು ಸಲ್ಲಿಸಿದರು.

ಇದರಿಂದ ವೇದ್ಯವಾಗುವುದೇನೆಂದರೆ, ತಯಾರಕರ ತಂತ್ರಾಂಶಕ್ಕೆ ಬದಲಿಯನ್ನು ಹುಡುಕುವುದೆಂದರೆ ಅದರ ಪ್ರತಿಕೃತಿಯನ್ನು ರಚಿಸುವುದಲ್ಲ. ಯಂತ್ರವು ಯಾವ ಆಜ್ಞೆಗೆ ಓಗೊಡುತ್ತದೆಂಬುದನ್ನು ಅರಿತು, ಆ ಅರಿವನ್ನು ಎಲ್ಲರಿಗೂ ಸಲ್ಲುವೆಡೆಯಲ್ಲಿ ಇಡುವುದು. ತಯಾರಕರು ಹಳೆಯ ಯಂತ್ರಗಳನ್ನು ಮರೆಯಬಹುದು. ಹೀಗೆ ದಾಖಲಾದ ಅರಿವಿದ್ದಲ್ಲಿ ಆ ಯಂತ್ರಗಳನ್ನು ಕೊಂಡವರು ನಿಸ್ಸಹಾಯರಾಗಬೇಕಿಲ್ಲ. ಇತರ ತಯಾರಕರ ಯಂತ್ರಗಳ ವಿಷಯದಲ್ಲಿಯೂ ಇಂತಹ ಅಭ್ಯಾಸ ನಡೆಯುವುದು ಅಪೇಕ್ಷಣೀಯ.