ಗಡಿನಾಡಿನ ಕೈವಿದ್ಯೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳೂ ಕಲಬುರ್ಗಿಯ ತಾಂಡೂರೂ ಅಗಲಿ ಆಂಧ್ರಪ್ರದೇಶವನ್ನು ಸೇರಿದುವಾದರೂ, ಅಲ್ಲಿಯ ಅನೇಕ ಮನೆಗಳಲ್ಲಿ ಕನ್ನಡವು ಉಳಿದಂತೆಯೇ ದುಡಿಯುತ್ತ ಕಲಿಯುವ ಪರಂಪರೆಯೂ ಉಳಿಯಿತು. ತಾಂಡೂರಿನ ಸುಣ್ಣಕಲ್ಲಿನ ಗಣಿಗಳಲ್ಲಿ ಪದರದ ಸಂದನ್ನರಿತು ಚಪ್ಪಡಿಯನ್ನು ಒಡೆಯದೆ ಎಬ್ಬಿಸುವ ವಿದ್ಯೆಯನ್ನು ಕಿರಿಯರು ಹಿರಿಯರ ಪಕ್ಕದಲ್ಲಿ ನಿಂತು, ಕಣ್ಣಿನಿಂದಲೂ ಕೈಯಿಂದಲೂ ಸಂಪಾದಿಸಿದರು.

ಈ ಕ್ರಮಕ್ಕೆ ಶಾಲೆಯ ರೂಪವನ್ನಿತ್ತುದು ಜಹೀರಾಬಾದಿನ ಸಮೀಪದ ಮಾಚನೂರು. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯು ಅಲ್ಲಿ ಸ್ಥಾಪಿಸಿದ ‘ಪಚ್ಚಸಾಲೆ’ಯಲ್ಲಿ ಅಕ್ಷರ, ಗಣಿತಗಳೊಡನೆ ಬಡಗಿತನ, ಕುಂಬಾರಿಕೆ, ಬೇಸಾಯಗಳೂ ಪಾಠಗಳಾದುವು. ಕೃತಕ ಬುದ್ಧಿಮತ್ತೆಯು ಉದ್ಯೋಗಗಳ ಸ್ವರೂಪವನ್ನೇ ಬದಲಿಸುತ್ತಿರುವ ಈ ದಿನಗಳಲ್ಲಿ, ಕಂಪ್ಯೂಟರನ್ನು ಕೇವಲ ಪರೀಕ್ಷಾವಿಷಯವೆಂದು ಬೋಧಿಸುವವರೆಲ್ಲರೂ ಈ ಊರಿನ ಚರಿತ್ರೆಯನ್ನು ಅರಿಯಬೇಕೆಂಬುದು ನನ್ನ ಹೃತ್ಪೂರ್ವಕವಾದ ಬಿನ್ನಹ. ಏಕೆಂದರೆ, ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ದಲಿತ ರೈತಮಹಿಳೆಯರು ಅದೇ ಸಂಸ್ಥೆಯ ಆಶ್ರಯದಲ್ಲಿ ಕ್ಯಾಮೆರಾವನ್ನು ಹಿಡಿದು, ತಪ್ಪುತ್ತ ತಿದ್ದಿಕೊಳ್ಳುತ್ತ, ತಮ್ಮ ಬೆಳೆ ಬಿತ್ತಗಳನ್ನು ಕುರಿತ ಚಿತ್ರಗಳನ್ನು ನಿರ್ಮಿಸಿದರು. 2008ರ ಅಕ್ಟೋಬರಿನಲ್ಲಿ ಮಾಚನೂರಿನಿಂದಲೇ ‘ಸಂಘಂ ರೇಡಿಯೋ’ ಆರಂಭವಾದಾಗ ಧ್ವನಿಮುದ್ರಣ, ಸಂಕಲನ, ಪ್ರಸಾರಗಳ ಭಾರವನ್ನು ಹೊತ್ತವರೂ ಸುತ್ತಲಿನ ಊರುಗಳ ಮಹಿಳೆಯರೇ.