ಬಹುಮತವಿಲ್ಲದ ಸದನವೂ ಸರ್ಕಾರ ರಚನೆಯ ಕ್ರಮವೂ

ಭಾರತ ಸಂವಿಧಾನದ 164ನೆಯ ಅನುಚ್ಛೇದವು ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸತಕ್ಕದ್ದೆಂದೂ, ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದೆಂದೂ ವಿಧಿಸುತ್ತದೆ. ಕೇಂದ್ರ ಸರ್ಕಾರದ ವಿಷಯದಲ್ಲಿ 75ನೆಯ ಅನುಚ್ಛೇದವು ಹೇಳುವುದೂ ಇದನ್ನೇ. ಯಾರನ್ನು ನೇಮಿಸಬೇಕು, ಯಾವ ಪ್ರಮಾಣವನ್ನು ನೋಡಿ ನೇಮಿಸಬೇಕು, ನೇಮಕವಾದ ಮೇಲೆ ಎಷ್ಟು ಕಾಲದೊಳಗೆ ಸದನದ ವಿಶ್ವಾಸವನ್ನು ಪಡೆಯಬೇಕು ಎಂಬ ಮೂರು ವಿಷಯಗಳಲ್ಲಿಯೂ ಸಂವಿಧಾನವು ಮೌನವಾಗಿದೆ. ಒಂದು ಪಕ್ಷಕ್ಕೆ ನಿಚ್ಚಳವಾದ ಬಹುಮತ ದೊರೆತಾಗ ಈ ಮೌನದಿಂದ ಬಾಧಕವೇನೂ ಒದಗದು. ಆದರೆ ಯಾರಿಗೂ ಬಹುಮತ ಬಾರದೆ ಸದನವು ಅತಂತ್ರವಾದಾಗ, ಆ ಮೌನದ ಎಡೆಯಲ್ಲಿ ಒಬ್ಬ ವ್ಯಕ್ತಿಯ ವಿವೇಚನೆಯು ಬಂದು ನಿಲ್ಲುತ್ತದೆ. ಈ ವಿವೇಚನೆಯನ್ನು ಕುರಿತ ಚರ್ಚೆಗಳೆಲ್ಲ ಬಹುಮಟ್ಟಿಗೆ ಮೊದಲು ಯಾರನ್ನು ಕರೆಯಬೇಕೆಂಬುದನ್ನೇ ಕೇಂದ್ರವಾಗಿಟ್ಟುಕೊಂಡು ನಡೆದಿವೆ. ಕರೆಯುವುದಕ್ಕೂ ಸದನವು ತನ್ನ ಮತವನ್ನು ತಿಳಿಸುವುದಕ್ಕೂ ನಡುವಣ ಅವಧಿಯೇ ನಿಜವಾದ ವಿವಾದಸ್ಥಾನವೆಂಬುದನ್ನು ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ಸಂವಿಧಾನ ಕರ್ತೃಗಳು ಈ ಪ್ರಶ್ನೆಯನ್ನು ಅರಿಯದೆ ಇದ್ದವರಲ್ಲ. ಕರಡು ಸಂವಿಧಾನದ ನಾಲ್ಕನೆಯ ಅನುಸೂಚಿಯಲ್ಲಿ ರಾಜ್ಯಪಾಲರಿಗೆ ಕೊಡತಕ್ಕ ನಿರ್ದೇಶನಗಳೆಂಬ ಭಾಗವೊಂದಿದ್ದಿತು. ಶಾಸನಸಭೆಯಲ್ಲಿ ಸ್ಥಿರವಾದ ಬಹುಮತವನ್ನು ಹೊಂದಿರಬಲ್ಲನೆಂದು ತಮಗೆ ತೋರುವ ವ್ಯಕ್ತಿಯೊಡನೆ ಸಮಾಲೋಚಿಸಿ ರಾಜ್ಯಪಾಲರು ಮಂತ್ರಿಮಂಡಲವನ್ನು ರಚಿಸತಕ್ಕದ್ದೆಂದು ಅದು ಸೂಚಿಸುತ್ತಿದ್ದಿತು. ಸಂಸದೀಯ ಪದ್ಧತಿಯ ಸಂಪ್ರದಾಯಗಳೇ ಸಾಕು, ಅವನ್ನು ಬರೆದಿಡಬೇಕಾದ ಅಗತ್ಯವಿಲ್ಲವೆಂಬ ಭಾವನೆಯಿಂದ 1949ರ ಅಕ್ಟೋಬರ್ ತಿಂಗಳಿನಲ್ಲಿ ಆ ಅನುಸೂಚಿಯನ್ನು ಕೈಬಿಡಲಾಯಿತು. ಇಂಗ್ಲೆಂಡಿನಲ್ಲಿ ಶತಮಾನಗಳ ಅಭ್ಯಾಸದಿಂದ ಗಟ್ಟಿಗೊಂಡ ಸಂಪ್ರದಾಯವು ಇಲ್ಲಿ ಇನ್ನೂ ಹುಟ್ಟಬೇಕಾಗಿದ್ದ ಕಾಲದಲ್ಲಿ, ಅದು ಆಗಲೇ ನೆಲೆಗೊಂಡಿದೆಯೆಂದು ಭಾವಿಸಿ ತೆಗೆದುಕೊಂಡ ಈ ನಿರ್ಣಯವು ಅತಿವಿಶ್ವಾಸದ್ದಾಗಿತ್ತೆಂದೇ ಹೇಳಬೇಕಾಗಿದೆ.

ಮೂರು ವರ್ಷಗಳು ತುಂಬುವುದರೊಳಗಾಗಿ ಅದರ ಪರೀಕ್ಷೆ ಒದಗಿತು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳನ್ನೂ ಒಳಗೊಂಡಿದ್ದ ಅಂದಿನ ಮದರಾಸು ರಾಜ್ಯದಲ್ಲಿ 1952ರ ಚುನಾವಣೆಯು 375 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸಿಗೆ 152 ಸ್ಥಾನಗಳನ್ನು ಮಾತ್ರ ಕೊಟ್ಟಿತು. ಪ್ರಕಾಶಂ ಅವರ ನಾಯಕತ್ವದಲ್ಲಿ ಒಗ್ಗೂಡಿದ ವಿರೋಧ ಪಕ್ಷಗಳು ಕಾಂಗ್ರೆಸಿಗಿಂತ ಹೆಚ್ಚಿನ ಸಂಖ್ಯಾಬಲವನ್ನು ಮುಂದಿಟ್ಟರೂ, ರಾಜ್ಯಪಾಲ ಶ್ರೀಪ್ರಕಾಶರು ವಿಧಾನಸಭೆಗೆ ಸ್ಪರ್ಧಿಸಿಯೇ ಇರದ ಕಾಂಗ್ರೆಸಿನ ರಾಜಾಜಿಯವರನ್ನು ವಿಧಾನಪರಿಷತ್ತಿಗೆ ನಾಮಕರಣ ಮಾಡಿ, ಏಪ್ರಿಲ್ ತಿಂಗಳಲ್ಲಿ ಅವರಿಗೇ ಮುಖ್ಯಮಂತ್ರಿ ಪದವಿಯನ್ನು ಒಪ್ಪಿಸಿದರು. ರಾಜಾಜಿಯವರು ಸದನದ ವಿಶ್ವಾಸವನ್ನು ಪಡೆದದ್ದು ಜುಲೈ ತಿಂಗಳಲ್ಲಿ. ಅಷ್ಟರೊಳಗೆ ಪಕ್ಷೇತರರೂ ಸಣ್ಣ ಗುಂಪುಗಳವರೂ ಅಧಿಕಾರವಿದ್ದ ಕಡೆಗೆ ಬಂದು ಸೇರಿದ್ದರು. ರಾಜಾಜಿಯವರು ಸಮರ್ಥ ಆಡಳಿತಗಾರರೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಬಹುಮತದಿಂದ ಅಧಿಕಾರ ಹುಟ್ಟಬೇಕಾದ ಕ್ರಮವು ಇಲ್ಲಿ ತಿರುವುಮುರುವಾಗಿ, ಅಧಿಕಾರದಿಂದ ಬಹುಮತ ಹುಟ್ಟಿತು. 1967ರಲ್ಲಿ ರಾಜಸ್ಥಾನದ ರಾಜ್ಯಪಾಲ ಸಂಪೂರ್ಣಾನಂದರು ಪಕ್ಷೇತರ ಸದಸ್ಯರನ್ನು ಲೆಕ್ಕಕ್ಕೆ ಹಿಡಿಯಲಾಗದೆಂಬ ತಮ್ಮದೇ ನಿಯಮವನ್ನು ಮುಂದಿಟ್ಟು, ಅತಿದೊಡ್ಡ ಪಕ್ಷವಾದ ಕಾಂಗ್ರೆಸಿನ ಸುಖಾಡಿಯಾ ಅವರನ್ನು ಕರೆದಾಗ, ಜಯಪುರದ ಬೀದಿಗಳಲ್ಲಿ ಗಲಭೆಯೆದ್ದು ರಾಷ್ಟ್ರಪತಿ ಆಳ್ವಿಕೆಯನ್ನೇ ಹೇರಬೇಕಾಯಿತು.

ಇಂಥ ಪರಸ್ಪರ ವಿರುದ್ಧವಾದ ಪೂರ್ವನಿದರ್ಶನಗಳನ್ನು ಕಂಡು 1988ರಲ್ಲಿ, ಕೇಂದ್ರ ರಾಜ್ಯಗಳ ಸಂಬಂಧವನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗವು ಒಂದು ಅನುಕ್ರಮವನ್ನು ನಿರ್ದೇಶಿಸಿತು. ಚುನಾವಣೆಗೆ ಮುಂಚೆಯೇ ಏರ್ಪಟ್ಟ ಮೈತ್ರಿಕೂಟಕ್ಕೆ ಮೊದಲ ಸ್ಥಾನ. ಇತರರ ಬೆಂಬಲದೊಡನೆ ಹಕ್ಕು ಮಂಡಿಸುವ ಅತಿದೊಡ್ಡ ಪಕ್ಷಕ್ಕೆ ಎರಡನೆಯದು. ಚುನಾವಣೆಯ ತರುವಾಯ ಕೂಡಿ, ಅಂಗಪಕ್ಷಗಳೆಲ್ಲವೂ ಮಂತ್ರಿಮಂಡಲವನ್ನು ಸೇರುವ ಮೈತ್ರಿಗೆ ಮೂರನೆಯದು. ಕೆಲವರು ಒಳಗಿದ್ದು ಕೆಲವರು ಹೊರಗಿನಿಂದ ಬೆಂಬಲಿಸುವ ಕೂಟಕ್ಕೆ ಕೊನೆಯದು. ಜೊತೆಗೆ, ಬಹುಮತವು ಸ್ಪಷ್ಟವಾಗಿಲ್ಲದ ಮುಖ್ಯಮಂತ್ರಿಯು 30 ದಿನಗಳೊಳಗೆ ವಿಶ್ವಾಸಮತವನ್ನು ಪಡೆಯಬೇಕೆಂದೂ ಅದು ಹೇಳಿತು. ಎರಡನೆಯ ಸ್ಥಾನದಲ್ಲಿ ಬರುವ ‘ಇತರರ ಬೆಂಬಲದೊಡನೆ’ ಎಂಬ ವಿಶೇಷಣವನ್ನು ತರುವಾಯದ ವಾದವಿವಾದಗಳಲ್ಲಿ ಅನೇಕರು ಮರೆತು, ಅತಿದೊಡ್ಡ ಪಕ್ಷವೆಂಬುದೇ ಸ್ವತಂತ್ರವಾದ ಅರ್ಹತೆಯೋ ಎಂಬಂತೆ ಮಾತನಾಡಿರುವರು. ಆಯೋಗದ ಅಭಿಪ್ರಾಯವು ಅದಲ್ಲ. ಬೆಂಬಲದ ಆಧಾರವಿಲ್ಲದ ಹಿರಿತನಕ್ಕೆ ಅದು ಯಾವ ಸ್ಥಾನವನ್ನೂ ಕೊಟ್ಟಿಲ್ಲ.

ಈ ಅನುಕ್ರಮಕ್ಕೆ ಮುಂಚೆಯೇ ಕರ್ನಾಟಕವು ಉತ್ತಮವಾದ ನಿದರ್ಶನವೊಂದನ್ನು ಒದಗಿಸಿದ್ದಿತು. 1983ರ ಜನವರಿಯಲ್ಲಿ 224 ಸ್ಥಾನಗಳ ಸಭೆಯಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18 ಸ್ಥಾನಗಳು ಲಭಿಸಿದವು. ರಾಮಕೃಷ್ಣ ಹೆಗಡೆಯವರು ಭಾರತೀಯ ಜನತಾ ಪಕ್ಷದ ಹಾಗೂ ಎಡಪಕ್ಷಗಳ ಬಾಹ್ಯ ಬೆಂಬಲದಿಂದ ಸರ್ಕಾರವನ್ನು ರಚಿಸಿದರು. ಸಿದ್ಧಾಂತದಲ್ಲಿ ಉತ್ತರ ದಕ್ಷಿಣಗಳಂತಿದ್ದ ಎರಡು ಪಕ್ಷಗಳು ಏಕಕಾಲದಲ್ಲಿ ಬೆಂಬಲಿಸಿದ ಆ ಅಲ್ಪಮತದ ಸರ್ಕಾರವು ನಡೆಸಿದ ಆಡಳಿತವನ್ನು ಜನರು ಮೆಚ್ಚಿಕೊಂಡದ್ದಕ್ಕೆ 1985ರ ಚುನಾವಣೆಯ ಸ್ಪಷ್ಟ ಬಹುಮತವೇ ಸಾಕ್ಷಿ. ಬಹುಮತವಿಲ್ಲದ ಸದನವೆಂದರೆ ಅಸ್ಥಿರತೆಯೇ ಸರಿ ಎಂಬ ಪ್ರಚಲಿತ ಅಭಿಪ್ರಾಯವನ್ನು ಇದೊಂದೇ ಪ್ರಸಂಗವು ಅಲುಗಾಡಿಸಬಲ್ಲದು.

ಕೇಂದ್ರದಲ್ಲಿ ರಾಷ್ಟ್ರಪತಿಗಳು ನಡೆದ ದಾರಿಗಳೂ ಒಂದೇ ಆಗಿಲ್ಲ. 1989ರಲ್ಲಿ 197 ಸ್ಥಾನಗಳ ಕಾಂಗ್ರೆಸು ಹಿಂದೆ ಸರಿದುದರಿಂದ ವೆಂಕಟರಾಮನ್ ಅವರು ಎರಡನೆಯ ದೊಡ್ಡ ಪಕ್ಷದ ವಿ. ಪಿ. ಸಿಂಗರನ್ನು ಕರೆದರು. 1996ರಲ್ಲಿ ಶಂಕರ ದಯಾಳ ಶರ್ಮರು 161 ಸ್ಥಾನಗಳಿದ್ದ ಪಕ್ಷದ ವಾಜಪೇಯಿಯವರನ್ನು, ಅವರ ಬೆಂಬಲಿಗರಾರೆಂಬುದನ್ನು ವಿಚಾರಿಸದೆಯೇ ಆಹ್ವಾನಿಸಿದರು. ಆ ಸರ್ಕಾರವು 13 ದಿನಗಳಲ್ಲಿ ಮುಗಿದು, ಸಂಯುಕ್ತರಂಗದ ನಾಯಕರಾಗಿ ಎಚ್. ಡಿ. ದೇವೇಗೌಡರು ಪ್ರಧಾನಿಗಳಾದರು. 1998ರಲ್ಲಿ ನಾರಾಯಣನ್ ಅವರು ಬೆಂಬಲಪತ್ರಗಳನ್ನು ಕೇಳಿ ಪಡೆದ ಮೇಲೆಯೇ ಆಹ್ವಾನವನ್ನು ಕೊಟ್ಟರು. ಈ ಮೂರರಲ್ಲಿ ಕೊನೆಯದೇ ಹೆಚ್ಚು ಸಮಂಜಸವಾದುದೆಂದು ನನ್ನ ಅಭಿಮತ.

ಆದರೆ ಪತ್ರಗಳಿಗೂ ಒಂದು ಮಿತಿಯುಂಟೆಂಬುದನ್ನು ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಪ್ರಕರಣವು ತೋರಿಸಿತು. 1989ರ ಏಪ್ರಿಲ್ ತಿಂಗಳಲ್ಲಿ 19 ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು; ಆ ಬಳಿಕ ಅವರಲ್ಲಿ ಏಳು ಮಂದಿ, ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆಯೆಂದು ಹೇಳಿ ಹಿಂದಿರುಗಿದರು. ಸದನವನ್ನು ಕರೆದು ಬಹುಮತವನ್ನು ಅಲ್ಲಿಯೇ ತೋರಿಸುವೆನೆಂಬ ಮುಖ್ಯಮಂತ್ರಿಯ ವಿಜ್ಞಾಪನೆಗೆ ಪುರಸ್ಕಾರ ದೊರೆಯದೆ 21ನೆಯ ತಾರೀಖು ಸರ್ಕಾರವು ವಜಾ ಆಯಿತು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು, ಬಹುಮತದ ಪರೀಕ್ಷೆಗೆ ಸದನದ ಅಂಗಳವೇ ಸರಿಯಾದ ಸ್ಥಳವೆಂದೂ, ರಾಜ್ಯಪಾಲರ ಸ್ವಂತ ಅಭಿಪ್ರಾಯವು ಅದಕ್ಕೆ ಬದಲಾಗಲಾರದೆಂದೂ ತೀರ್ಪಿತ್ತಿತು. ಆ ತೀರ್ಪು ಬೊಮ್ಮಾಯಿಯವರಿಗೆ ಕಳೆದುಹೋದ ಅಧಿಕಾರವನ್ನು ಮರಳಿಸಲಿಲ್ಲ. ಆದರೆ ಅನಂತರದ ಅಂಥ ವಿವಾದಗಳೆಲ್ಲವೂ ಅದರ ನೆರಳಿನಲ್ಲಿಯೇ ನಡೆದಿವೆ.

ಪರೀಕ್ಷೆಯ ಸ್ಥಳವು ಹೀಗೆ ಗೊತ್ತಾಯಿತಾದರೂ ಕಾಲವು ಗೊತ್ತಾಗಲಿಲ್ಲ. 2018ರ ಮೇ ತಿಂಗಳಿನಲ್ಲಿ ಕರ್ನಾಟಕದ 222 ಕ್ಷೇತ್ರಗಳ ಫಲಿತಾಂಶ ಬಂದಾಗ ಭಾರತೀಯ ಜನತಾ ಪಕ್ಷಕ್ಕೆ 104, ಕಾಂಗ್ರೆಸಿಗೆ 78, ಜಾತ್ಯತೀತ ಜನತಾದಳಕ್ಕೆ 37 ಸ್ಥಾನಗಳಿದ್ದವು. ಕೊನೆಯ ಎರಡು ಪಕ್ಷಗಳು ಕೂಡಲೇ ಒಂದಾಗಿ 112ರ ಗಡಿಯನ್ನು ದಾಟಿದ ಸಂಖ್ಯೆಯೊಡನೆ ಹಕ್ಕು ಮಂಡಿಸಿದರೂ, ರಾಜ್ಯಪಾಲ ವಜುಭಾಯಿ ವಾಲಾ ಅವರು ಭಾರತೀಯ ಜನತಾ ಪಕ್ಷದ ಬಿ. ಎಸ್. ಯಡಿಯೂರಪ್ಪನವರನ್ನು ಆಹ್ವಾನಿಸಿ, ಬಹುಮತವನ್ನು ತೋರಿಸಲು 15 ದಿನಗಳ ಅವಕಾಶವನ್ನಿತ್ತರು. ರಾತ್ರಿಯೇ ಕುಳಿತು ವಿಚಾರಣೆ ನಡೆಸಿದ ಸರ್ವೋಚ್ಚ ನ್ಯಾಯಾಲಯವು ಪ್ರಮಾಣವಚನವನ್ನು ತಡೆಯಲಿಲ್ಲ. ಅದು ಹಿಡಿದದ್ದು ಅವಧಿಯನ್ನು. ಮೇ 19ರ ಸಂಜೆ 4 ಗಂಟೆಗೆ ವಿಶ್ವಾಸಮತ ನಡೆಯತಕ್ಕದ್ದೆಂದೂ, ಅಲ್ಲಿಯವರೆಗೆ ಮಹತ್ತ್ವದ ನೀತಿನಿರ್ಣಯಗಳನ್ನು ಕೈಗೊಳ್ಳಕೂಡದೆಂದೂ ಅದು ಆಜ್ಞಾಪಿಸಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪನವರು ರಾಜೀನಾಮೆಯಿತ್ತರು, 23ರಂದು ಮೈತ್ರಿಯ ನಾಯಕರಾಗಿ ಎಚ್. ಡಿ. ಕುಮಾರಸ್ವಾಮಿಯವರು ಅಧಿಕಾರವನ್ನು ವಹಿಸಿಕೊಂಡರು. ಆಹ್ವಾನವು ಬದಲಾಗದೆ ಅವಧಿಯೊಂದೇ ಬದಲಾದುದರಿಂದ ಪರಿಣಾಮವೂ ಬದಲಾಯಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಶಾಸಕರನ್ನು ನೆರೆರಾಜ್ಯದ ಹೋಟೆಲಿಗೆ ಕೊಂಡೊಯ್ದು ಕಾಯಬೇಕಾಗಿ ಬಂದ ಲಜ್ಜಾಸ್ಪದವಾದ ಸ್ಥಿತಿಗೂ ಆ ದೀರ್ಘಾವಧಿಯ ಭಯವೇ ಕಾರಣವಾಗಿತ್ತು. ಹೀಗೆ ಬಂದ ಮೈತ್ರಿಯೂ ಬಹುಕಾಲ ಬಾಳದೆ 2019ರ ಜುಲೈ 23ರಂದು 99ಕ್ಕೆ ಎದುರಾಗಿ 105 ಮತಗಳಿಂದ ಸೋತುದು ನಿಜ. ಆದರೆ ಅದು ಬಿದ್ದದ್ದೂ ಸದನದಲ್ಲಿಯೇ.

ಮೈತ್ರಿಗಳು ಪಕ್ವವಾಗಲು ಕಾಲಾವಕಾಶ ಬೇಡವೇ ಎಂಬ ಆಕ್ಷೇಪವುಂಟು, ಅದು ಉಪೇಕ್ಷಿಸತಕ್ಕದ್ದೂ ಅಲ್ಲ. ಜರ್ಮನಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆದು, ಸರ್ಕಾರ ರಚನೆಯಾದದ್ದು 2018ರ ಮಾರ್ಚಿನಲ್ಲಿ. ಆದರೆ ಅಲ್ಲಿ ಆ ತಿಂಗಳುಗಳೆಲ್ಲ ಸಂದಾನದಲ್ಲಿ ಕಳೆಯುತ್ತಿರುವಾಗ ಹಿಂದಿನ ಸರ್ಕಾರವೇ ನಿತ್ಯದ ಕಾರ್ಯಗಳನ್ನು ನೋಡಿಕೊಳ್ಳುತ್ತಿದ್ದು, ಮೂಲಶಾಸನದ 63ನೆಯ ಅನುಚ್ಛೇದದಂತೆ ಚಾನ್ಸಲರನ್ನು ಸದನವು ಮತದಿಂದ ಆರಿಸಿದ ಮೇಲೆಯೇ ಅಧ್ಯಕ್ಷರು ನೇಮಿಸುವರು. ವಿಳಂಬವು ಅಲ್ಲಿ ಅಧಿಕಾರ ಸ್ವೀಕಾರದ ಹಿಂದೆ ಇದೆ, ನಮ್ಮಲ್ಲಿ ಮುಂದೆ ಇದೆ. ಪ್ರಮಾಣವಚನಕ್ಕೆ ಮುಂಚಿನ ಕಾಲವು ಮಾತುಕತೆಯದು. ಪ್ರಮಾಣವಚನದ ತರುವಾಯದ್ದು ವರ್ಗಾವಣೆ, ನೇಮಕ, ಮಂತ್ರಿಪದವಿ ಇವೆಲ್ಲವನ್ನೂ ಕೈಯಲ್ಲಿ ಹಿಡಿದವನು ಮಿಕ್ಕವರನ್ನು ತನ್ನೆಡೆಗೆ ಸೆಳೆಯಲು ಬಳಸಬಹುದಾದ ಕಾಲ.

ಸದನವೇ ನಾಯಕನನ್ನು ಆರಿಸುವ ಕ್ರಮವು ಭಾರತಕ್ಕೆ ಅಪರಿಚಿತವೂ ಅಲ್ಲ. 1998ರ ಫೆಬ್ರವರಿಯಲ್ಲಿ ಉತ್ತರಪ್ರದೇಶದಲ್ಲಿ ಕಲ್ಯಾಣಸಿಂಗ್, ಜಗದಂಬಿಕಾ ಪಾಲ್ ಇಬ್ಬರೂ ತಾವೇ ಮುಖ್ಯಮಂತ್ರಿಗಳೆಂದು ನಿಂತಾಗ, ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ವಿಧಾನಸಭೆಯು ಇಬ್ಬರ ನಡುವೆ ಒಂದೇ ಬಾರಿಗೆ ಮತ ಹಾಕಿತು. 196ಕ್ಕೆ ಎದುರಾಗಿ 225 ಮತಗಳಿಂದ ಕಲ್ಯಾಣಸಿಂಗರು ಗೆದ್ದರು, ವಿವಾದವು ಅಲ್ಲಿಗೇ ತೀರಿತು. ಇದನ್ನು ಸಾಮಾನ್ಯ ನಿಯಮವಾಗಿಸುವಂಥ ಸಲಹೆಯನ್ನು ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಕಾರ್ಯಪರಿಶೀಲನಾ ಆಯೋಗವು 2002ರಲ್ಲಿ ಮಂಡಿಸಿತು: ಯಾವ ಪಕ್ಷಕ್ಕೂ ಚುನಾವಣಾಪೂರ್ವ ಮೈತ್ರಿಗೂ ಬಹುಮತವಿಲ್ಲದಿರುವಾಗ, ಲೋಕಸಭೆಯು ತನ್ನ ಸಭಾಧ್ಯಕ್ಷರನ್ನು ಆರಿಸುವಂತೆಯೇ ಸದನದ ನಾಯಕನನ್ನೂ ಆರಿಸಲಿ ಎಂಬುದು ಅದರ ಸಾರ. ವಿಧಾನಸಭೆಗಳಿಗೂ ಅನ್ವಯಿಸಬಹುದಾದ ಈ ಕ್ರಮದಲ್ಲಿ ರಾಜ್ಯಪಾಲರು ಊಹಿಸಬೇಕಾದದ್ದೇನೂ ಉಳಿಯುವುದಿಲ್ಲ. ಸದನವನ್ನು ಕರೆಯುವುದೂ, ಅದು ಆರಿಸಿದವರಿಗೆ ಪ್ರಮಾಣವಚನವನ್ನು ಬೋಧಿಸುವುದೂ ಮಾತ್ರ ಅವರ ಕರ್ತವ್ಯವಾಗುತ್ತದೆ. 164ನೆಯ ಅನುಚ್ಛೇದದ ನೇಮಕಾಧಿಕಾರಕ್ಕೆ ಇದರಿಂದ ಚ್ಯುತಿಯೊದಗುವುದೆಂಬ ಭಯಕ್ಕೆ ಆಧಾರವಿಲ್ಲ. ನೇಮಿಸುವವರು ರಾಜ್ಯಪಾಲರೇ ಆಗಿರುವರು. ಮುಖ್ಯಮಂತ್ರಿಯು ಅಧಿಕಾರಕ್ಕೆ ಬಂದ ಮೇಲೆ ಹುಡುಕಬೇಕಾಗಿದ್ದ ವಿಶ್ವಾಸವು ಬರುವ ಮೊದಲೇ ಸದನದ ನಡವಳಿಯ ಪುಸ್ತಕದಲ್ಲಿ ದಾಖಲಾಗಿರುತ್ತದೆ.