ಚಾರ್ಜ್‌ಶೀಟಲ್ಲಿ ಹೆಸರಿದ್ದರೆ ಸಾಕೇ?

‘ಚಾರ್ಜ್‌ಶೀಟ್ ಬಿದ್ದೈತಂತೆ, ಇನ್ನ ಮುಗೀತು ಬಿಡು.’ ಕಮಲಾಪುರದ ಕಡೆ ಚಹಾದಂಗಡಿಯಲ್ಲಿ ಕೂತರೆ ಇಂಥ ಮಾತು ಕಿವಿಗೆ ಬೀಳುತ್ತದೆ. ಕಾಲುವೆ ನೀರಿಗೋ ಬದುವಿಗೋ ಜಗಳ. ಹೊಡೆದವರು ಇಬ್ಬರು, ದೂರಿನಲ್ಲಿ ಹೆಸರು ಹದಿನೈದು. ಉಳಿದ ಹದಿಮೂರು ಜನ ಕೂಲಿ ಬಿಟ್ಟು ವರ್ಷಗಟ್ಟಲೆ ಹೊಸಪೇಟೆ ಕೋರ್ಟಿಗೆ ಓಡಾಡಬೇಕೇ? ವಿಚಾರಣೆಗೆ ಮುಂಚೆ ಎಷ್ಟು ಸಾಕ್ಷಿ ಇರಬೇಕು ಎಂಬ ಪ್ರಶ್ನೆ ಬಹಳ ಹಳೆಯದು.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಹೊಸಪೇಟೆ, ಕಂಪ್ಲಿ ಮದ್ರಾಸಿನ ಆಡಳಿತಕ್ಕೆ ಬಂದವು. (ಸಂಡೂರು ಘೋರ್ಪಡೆಯವರ ಸಂಸ್ಥಾನ, ಅದರ ಕಥೆ ಬೇರೆ.) ಮದ್ರಾಸ್ ಪಟ್ಟಣದ ಸುಪ್ರೀಂ ಕೋರ್ಟಿನಲ್ಲಿ ಆಗ ಇಂಗ್ಲೆಂಡಿನ ಪದ್ಧತಿಯ ‘ಗ್ರ್ಯಾಂಡ್ ಜ್ಯೂರಿ’ ಇತ್ತು. ಹೆಚ್ಚೆಂದರೆ 23 ಜನ ಗಣ್ಯರು ಬಾಗಿಲು ಹಾಕಿಕೊಂಡು, ಆರೋಪ ಹೊರಿಸಿದವರ ಕಡೆಯ ಸಾಕ್ಷಿಯನ್ನಷ್ಟೇ ಕೇಳುವರು. 12 ಜನ ಒಪ್ಪಿದರೆ ಮಾತ್ರ ವಿಚಾರಣೆ. 1832ರವರೆಗೆ ಹಿಂದೂ, ಮುಸ್ಲಿಮರಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ನಮ್ಮ ರೈತನಿಗೆ ಈ ಜರಡಿ ಸಿಗಲಿಲ್ಲ. ಬಳ್ಳಾರಿಯ ಬಿಳಿಯ ವ್ಯಾಪಾರಿ ಕೊಲೆ ಆರೋಪದಲ್ಲಿ ಸಿಕ್ಕರೆ ಅವನನ್ನು ಮದ್ರಾಸಿಗೆ ಕಳಿಸಬೇಕಿತ್ತು. ಕಂಪ್ಲಿಯ ರೈತನಿಗೆ ಮ್ಯಾಜಿಸ್ಟ್ರೇಟರೇ ಎಲ್ಲ. 1865ರಲ್ಲಿ ಗ್ರ್ಯಾಂಡ್ ಜ್ಯೂರಿ ರದ್ದಾಯಿತು. ಕಳಕೊಂಡಿದ್ದು ದೊಡ್ಡದೇನಲ್ಲ ಅನ್ನಿ. ಅದು ಇಂದಿಗೂ ಇರುವ ಅಮೆರಿಕದಲ್ಲಿ, ಬರೀ ಕೇಳಿದ ಮಾತಿನ ಸಾಕ್ಷಿ ಇದ್ದರೂ ಆರೋಪ ನಿಲ್ಲುತ್ತದೆ ಎಂದು 1956ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮಲ್ಲಿ ಮ್ಯಾಜಿಸ್ಟ್ರೇಟರ ಪೂರ್ವ ವಿಚಾರಣೆ ಬಹುಕಾಲ ನಡೆಯಿತು. ತಡವಾಗುತ್ತದೆಂದು 1973ರ ಸಂಹಿತೆ ಅದನ್ನು ಕೈಬಿಟ್ಟಿತು. ಈಗ ಸೆಷನ್ಸ್ ನ್ಯಾಯಾಧೀಶರು ಪೊಲೀಸರ ಕಾಗದ ಓದಿ, ಎರಡೂ ಕಡೆಯ ಮಾತು ಕೇಳಿ ತೀರ್ಮಾನಿಸುತ್ತಾರೆ.

ಹೇಗೆ ಓದಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮದೇ ರಾಜ್ಯದ ಮೊಕದ್ದಮೆಯಲ್ಲಿ: ಕರ್ನಾಟಕ ಸರ್ಕಾರ ವಿರುದ್ಧ ಎಲ್. ಮುನಿಸ್ವಾಮಿ, 1977. ಕೆಲವು ಆರೋಪಿಗಳ ಮೇಲೆ ಆಧಾರವೇ ಇಲ್ಲವೆಂದು ಹೈಕೋರ್ಟ್ ಅವರ ಮೇಲಿನ ಪ್ರಕರಣ ರದ್ದು ಮಾಡಿತ್ತು. ಈ ಹಂತದಲ್ಲೇ ಸಾಕ್ಷ್ಯ ತೂಗುವಂತಿಲ್ಲ ಎಂದು ಸರ್ಕಾರ ವಾದಿಸಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೋರ್ಟಿನ ಕಲಾಪ ಯಾರನ್ನೋ ಕಾಡುವ ಆಯುಧವಾಗಬಾರದು ಎಂದಿತು. 1978ರ ಇನ್ನೊಂದು ತೀರ್ಪಿನಲ್ಲಿ, ನ್ಯಾಯಾಧೀಶರು ಬಂದ ಕಾಗದ ಮುಂದಕ್ಕೆ ಸಾಗಿಸುವ ಅಂಚೆ ಕಚೇರಿಯಲ್ಲ ಎಂದಿತು. ಆದರೆ ಬಲವಾದ ಅನುಮಾನವಿದ್ದರೆ ವಿಚಾರಣೆ ನಡೆಯಲೇಬೇಕು. ಪೂರ್ತಿ ರುಜುವಾತು ಆಗ ಬೇಕಿಲ್ಲ.

2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದೆ. ಸೆಷನ್ಸ್ ಪ್ರಕರಣದಲ್ಲಿ ಬಿಡುಗಡೆ ಕೋರಲು, ಮ್ಯಾಜಿಸ್ಟ್ರೇಟರು ಪ್ರಕರಣವನ್ನು ಸೆಷನ್ಸಿಗೆ ಒಪ್ಪಿಸಿದ ದಿನದಿಂದ 60 ದಿನಗಳ ಅವಕಾಶವಿದೆ. ಚಾರ್ಜ್‌ಶೀಟಿನ ಪ್ರತಿ ಉಚಿತ. ಅದು ಕೈಗೆ ಬಂದ ಮೇಲೆ ನಿಮ್ಮ ಹೆಸರು ಹೇಳಿದ ಸಾಕ್ಷಿ ಯಾರು, ನೀವು ಏನು ಮಾಡಿದಿರಿ ಎಂದು ಆತ ಹೇಳಿದ್ದಾನೆ ಎಂಬುದನ್ನು ವಕೀಲರ ಪಕ್ಕ ಕೂತು ಓದಿಸಿ. ಗುಂಪಿನ ಗಲಾಟೆಯಾದರೆ ಕೈ ಎತ್ತದವನೂ ಸಿಕ್ಕಿಕೊಳ್ಳಬಹುದು. ಗುಂಪಿನ ಉದ್ದೇಶ ಅವನದೂ ಆಗಿತ್ತೇ ಎಂಬುದರ ಮೇಲೇ ಆಗ ವಾದ ನಿಲ್ಲುವುದು.